ನೆಮ್ಮದಿಗೂ ಅಭ್ಯಾಸ ಬೇಕು



ಸುಖ, ಹಿಗ್ಗು, ಸಂತೋಷ, ನೆಮ್ಮದಿ ಎಂದು ನಮ್ಮ ಭಾಷೆಯಲ್ಲಿ ಬೇರೆ ಬೇರೆ ಪದಗಳಿವೆ. ಹೊಸ ಕಾರು ಮನೆಯ ಮುಂದೆ ಬಂದು ನಿಂತಾಗ ಆಗುವುದು ಹಿಗ್ಗು. ಹೊರಗೆ ಮಳೆ ಸುರಿಯುವಾಗ ಬೆಚ್ಚಗೆ ಕುಳಿತು ಕಾಫಿ ಕುಡಿಯುವುದು ಸುಖ. ಇವೆರಡೂ ಬಂದು ಹೋಗುವಂಥವು. ಅವು ಹೋದ ಮೇಲೂ ಉಳಿಯಬೇಕಾದದ್ದು ನೆಮ್ಮದಿ. ಅದು ಹಣೆಬರಹ ಅಥವಾ ಹುಟ್ಟುಗುಣ ಎಂದೇ ನಾವು ನಂಬಿಕೊಂಡು ಬಂದಿದ್ದೇವೆ. ಹುಟ್ಟುಗುಣದ ಪಾತ್ರ ಇಲ್ಲವೆಂದಲ್ಲ. ಆದರೆ ಅದರಲ್ಲಿ ಒಂದು ಭಾಗವನ್ನಾದರೂ ಈಜು, ಸಂಗೀತಗಳಂತೆ ಕಲಿಯಬಹುದು ಎಂಬುದಕ್ಕೆ ಇಂದು ಆಧಾರಗಳಿವೆ.

ಎರಡು ದಶಕಗಳ ಹಿಂದೆ ನಾನು ಎಂ.ಬಿ.ಬಿ.ಎಸ್. ಓದುವಾಗ ಮನೋವೈದ್ಯ ವಿಭಾಗದಲ್ಲಿ ಕಳೆದದ್ದು ಎರಡೇ ವಾರ. ಖಿನ್ನತೆಯ ಲಕ್ಷಣಗಳನ್ನು ಬಾಯಿಪಾಠ ಮಾಡಿದೆವು. ಆರೋಗ್ಯವಂತ ಮನಸ್ಸು ಹೇಗಿರುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಪಠ್ಯದಲ್ಲಿರಲಿಲ್ಲ. ಆ ಪಾಠ ನನಗೆ ದೊರೆತದ್ದು ತಡವಾಗಿ.

ಮೂರು ವರ್ಷಗಳ ಹಿಂದೆ ನವೆಂಬರ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ತಂದೆ ತೀರಿಕೊಂಡರು. ನಾನು ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ವೈಕುಂಠ ಸಮಾರಾಧನೆ ಮುಗಿಸಿ ಇಂಗ್ಲೆಂಡಿಗೆ ಹಿಂದಿರುಗಿದರೆ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಕೆಲಸ ನಡೆಯುತ್ತಿತ್ತು, ಅಡುಗೆ ನಡೆಯುತ್ತಿತ್ತು. ಆದರೆ ಯಾವುದರಲ್ಲಿಯೂ ರುಚಿಯಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತಿರಲಿಲ್ಲ. ಫೆಬ್ರವರಿಯ ಒಂದು ರಾತ್ರಿ, ನನ್ನ ರೋಗಿಗಳಿಗೆ ಕೊಡುವ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ನಾನೇ ತುಂಬಿದೆ. ಬಂದ ಅಂಕವನ್ನು ಬೇರೆ ಯಾರ ಹಾಳೆಯಲ್ಲಿ ಕಂಡಿದ್ದರೂ ಚಿಕಿತ್ಸೆಯ ಮಾತೆತ್ತುತ್ತಿದ್ದೆ. ಮರುವಾರವೇ ನನ್ನ ಜಿ.ಪಿ.ಯವರನ್ನು ಕಂಡೆ; ಕೆಲವು ತಿಂಗಳು ಮಾತಿನ ಚಿಕಿತ್ಸೆ ಪಡೆದೆ. ಇದನ್ನು ಇಲ್ಲಿ ಬರೆಯುವ ಕಾರಣ ಒಂದೇ. ಸಂಘದ ಆರೋಗ್ಯ ಶಿಬಿರದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಕುರಿತು ಎಲ್ಲರೆದುರೇ ಕೇಳುವವರು, ಮನಸ್ಸಿನ ಪ್ರಶ್ನೆಯನ್ನು ಕಾರ್ ಪಾರ್ಕಿನಲ್ಲಿ, ಅದೂ 'ನನ್ನ ಸ್ನೇಹಿತರೊಬ್ಬರಿಗೆ' ಎಂದು ಕೇಳುತ್ತಾರೆ.

ಚಿಕಿತ್ಸೆ ಮುಗಿಯುತ್ತಿದ್ದಂತೆ, ಮುಂದಿನ ಚಳಿಗಾಲವನ್ನು ಹೇಗೆ ಎದುರಿಸುವುದು ಎಂಬ ಪ್ರಶ್ನೆ ಎದ್ದಿತು. ಆಗ ಓದಲಾರಂಭಿಸಿದ ವಿಷಯಗಳಲ್ಲಿ ಮೂರು ಇಂದಿಗೂ ನನ್ನೊಂದಿಗಿವೆ.

ಮೊದಲನೆಯದು, ಮನಸ್ಸು ಎಲ್ಲಕ್ಕೂ ಒಗ್ಗಿಕೊಳ್ಳುತ್ತದೆ ಎಂಬುದು. 1978ರಲ್ಲಿ ಅಮೆರಿಕದಲ್ಲಿ ಲಾಟರಿ ಗೆದ್ದವರನ್ನು ಕುರಿತು ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು. ಅವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸಂತೋಷವಾಗಿರಲಿಲ್ಲ. ದಿನನಿತ್ಯದ ಚಿಕ್ಕ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿಯೂ ಕಡಿಮೆಯಿತ್ತು. ವೀಸಾ ಸಿಕ್ಕರೆ, ಮನೆ ಕೊಂಡರೆ, ಮಗ ಗ್ರಾಮರ್ ಶಾಲೆಗೆ ಸೇರಿದರೆ ನಿಶ್ಚಿಂತೆ ಎಂದು ಹೊರಟ ನಮಗೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಎರಡನೆಯದು, ಗಮನವನ್ನು ಪಳಗಿಸಬಹುದು ಎಂಬುದು. ಅಪಾಯವನ್ನು ಬೇಗ ಗುರುತಿಸುವುದು ಮೆದುಳಿನ ಸಹಜ ಗುಣ. ಒಳ್ಳೆಯದು ಹಾಗೆ ತಾನಾಗಿ ನಿಲ್ಲುವುದಿಲ್ಲ. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸರಳ ಅಭ್ಯಾಸವಿತ್ತು. ಒಂದು ವಾರ, ಪ್ರತಿ ರಾತ್ರಿ, ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ ಅವು ಏಕೆ ನಡೆದವು ಎಂಬುದನ್ನೂ ಬರೆಯಬೇಕು. ಇದರ ಪ್ರಯೋಜನ ಆರು ತಿಂಗಳವರೆಗೂ ಕಂಡುಬಂದಿತು. ನಾನು ಇದನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. 'ಮಗಳು ಕೇಳದೆಯೇ ಚಹಾ ಮಾಡಿಕೊಟ್ಟಳು.' 'ಪಕ್ಕದ ಮನೆಯ ಅಜ್ಜಿ ನಮ್ಮ ಕಸದ ಡಬ್ಬಿಯನ್ನು ಒಳಗೆ ತಂದಿಟ್ಟಿದ್ದರು.' 'ಅಂಗಡಿಯಲ್ಲಿ ಎಳೆಯ ಹೀರೇಕಾಯಿ ಸಿಕ್ಕಿತು. ಅಪ್ಪ ಮಾಡುತ್ತಿದ್ದಂತೆ ಸಿಪ್ಪೆಯ ಚಟ್ನಿ ಮಾಡಿದೆ.' 'ಏಕೆ' ಎಂಬುದನ್ನು ಬರೆಯುವಾಗ ಬಹುತೇಕ ಯಾರೋ ಒಬ್ಬರ ಹೆಸರು ಬರುತ್ತದೆ. ಆ ಹೀರೇಕಾಯಿಯ ಪುಟದಲ್ಲಿ ನಾನು ಅತ್ತದ್ದೂ ಇದೆ. ನೆಮ್ಮದಿಯೆಂದರೆ ದುಃಖವಿಲ್ಲದಿರುವುದಲ್ಲ ಎಂದು ತಿಳಿದದ್ದು ಅಲ್ಲಿಯೇ.

ಮೂರನೆಯದು ಜನ. 2014ರಲ್ಲಿ ಪ್ರಕಟವಾದ ಶಿಕಾಗೋ ಅಧ್ಯಯನವೊಂದರಲ್ಲಿ ರೈಲಿನ ಪ್ರಯಾಣಿಕರಿಗೆ ಅಪರಿಚಿತರೊಂದಿಗೆ ಮಾತನಾಡಲು ಸೂಚಿಸಲಾಗಿತ್ತು. ಮಾತನಾಡುವುದಕ್ಕಿಂತ ಒಂಟಿಯಾಗಿ ಕೂರುವುದೇ ಹಿತವೆಂದು ಜನ ಊಹಿಸಿದ್ದರು. ಮಾತನಾಡಿದವರ ಪ್ರಯಾಣವೇ ಹೆಚ್ಚು ಹಿತಕರವಾಗಿತ್ತು. ಚಳಿಗಾಲದಲ್ಲಿ ಊರಿನಿಂದ ಬಂದು ಆರು ತಿಂಗಳು ಕಿಟಕಿಯ ಬಳಿ ಕೂರುವ ನಮ್ಮ ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಇನ್ನೊಂದು ಕಂಬಳಿಯಲ್ಲ, ಕನ್ನಡದಲ್ಲಿ ಮಾತನಾಡಲು ಒಬ್ಬ ಜೊತೆಗಾರ.

ಆದರೆ ತಿಳಿದರೆ ಸಾಲದು. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಬ್ರೂಸ್ ಹುಡ್ ಅವರು 2018ರಲ್ಲಿ ಸಂತೋಷದ ವಿಜ್ಞಾನವೆಂಬ ಕೋರ್ಸನ್ನು ಆರಂಭಿಸಿದರು. ಕೃತಜ್ಞತೆ, ವ್ಯಾಯಾಮ, ಧ್ಯಾನ, ಪರೋಪಕಾರ, ಇವೇ ಪಾಠ. ಕೋರ್ಸಿನ ನಂತರ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯ ಶೇಕಡಾ 10ರಿಂದ 15ರಷ್ಟು ಸುಧಾರಿಸಿತ್ತು. ಆದರೆ ಒಂದೆರಡು ವರ್ಷಗಳ ಬಳಿಕ ಮತ್ತೆ ವಿಚಾರಿಸಿದಾಗ, ಆ ಸುಧಾರಣೆ ಉಳಿದಿದ್ದುದು ಅಭ್ಯಾಸಗಳನ್ನು ಮುಂದುವರಿಸಿದವರಲ್ಲಿ ಮಾತ್ರ. ಬಿಟ್ಟವರು ಮೊದಲಿದ್ದಲ್ಲಿಗೇ ಮರಳಿದ್ದರು. ಸರಳೆ ವರಸೆಯನ್ನು ಒಮ್ಮೆ ಕಲಿತು ತಂಬೂರಿಯನ್ನು ಮೂಲೆಗಿಟ್ಟರೆ ಕಂಠ ಉಳಿಯುವುದೇ?

ವೈದ್ಯೆಯಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಅಭ್ಯಾಸಗಳು ಚಿಕಿತ್ಸೆಗೆ ಬದಲಿಯಲ್ಲ. ಖಿನ್ನತೆಯಿಂದ ಬಳಲುವವರಿಗೆ 'ಸಂತೋಷವಾಗಿರು' ಎಂದು ಉಪದೇಶಿಸುವುದು ಕಾಲು ಮುರಿದವರಿಗೆ ಓಡು ಎಂದಂತೆ. ಮೂಳೆ ಕೂಡಿದ ಮೇಲಿನ ನಡಿಗೆಯಂತೆ ಈ ಅಭ್ಯಾಸ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿದ್ದರೆ, ನಿದ್ರೆ ಹಸಿವುಗಳು ಕೆಟ್ಟಿದ್ದರೆ ನಿಮ್ಮ ಜಿ.ಪಿ.ಯವರನ್ನು ಕಾಣಿರಿ. ಇಂಗ್ಲೆಂಡಿನಲ್ಲಿ ಎನ್.ಎಚ್.ಎಸ್. ಮಾತಿನ ಚಿಕಿತ್ಸೆಗೆ ನೀವೇ ನೇರವಾಗಿ ಹೆಸರು ನೋಂದಾಯಿಸಿಕೊಳ್ಳಬಹುದು. ಬದುಕೇ ಬೇಡವೆನಿಸಿದರೆ ಬೆಳಗಿನವರೆಗೆ ಕಾಯಬೇಡಿರಿ: 111ಕ್ಕೆ ಕರೆ ಮಾಡಿ 2ನ್ನು ಒತ್ತಿರಿ, ಅಥವಾ ಸಮಾರಿಟನ್ಸ್ ಸಂಸ್ಥೆಯ 116 123ಕ್ಕೆ ಕರೆ ಮಾಡಿರಿ. ಪ್ರಾಣಕ್ಕೆ ಅಪಾಯವಿದ್ದರೆ 999.

ಉಳಿದವರು ಇಂದು ರಾತ್ರಿ ಮೂರು ಸಾಲು ಬರೆದು ಮಲಗಿರಿ. ನಾಳೆ, ಬಹಳ ದಿನಗಳಿಂದ ಸಂಘದ ಕಾರ್ಯಕ್ರಮಗಳಿಗೆ ಬಾರದಿರುವ ಒಬ್ಬರಿಗೆ ಫೋನ್ ಮಾಡಿ, ಹೇಗಿದ್ದೀರಿ ಎಂದು ಕೇಳಿರಿ. ಅವರು 'ಚೆನ್ನಾಗಿದ್ದೇನೆ' ಎಂದ ಮೇಲೂ ಸ್ವಲ್ಪ ಹೊತ್ತು ಫೋನ್ ಇಡಬೇಡಿರಿ.