ತೀರ್ಥನ್ ದಂಡೆಯ ಜಾತ್ರೆ

ಕ್ಯಾಲೆಂಡರಿನ ಚಿತ್ರದಲ್ಲಿ ಒಂದು ಹೊಳೆ, ಗಾಳ ಹಿಡಿದ ಒಬ್ಬನೇ ಮನುಷ್ಯ. ಅದನ್ನು ನಂಬಿ ಬೇಸಗೆ ರಜೆಯಲ್ಲಿ ಮಗನೊಡನೆ ದಿಲ್ಲಿಯಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಹೋದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಸಿಕ್ಕಿತು. ನಿಲ್ಲಲು ಬಂಡೆ ಸಿಗಲಿಲ್ಲ! ದಂಡೆಯುದ್ದಕ್ಕೂ ಕಾರುಗಳು, ಹಾಡಿನ ಅಬ್ಬರ, ಚಿಪ್ಸ್ ಪೊಟ್ಟಣಗಳು.

ಟ್ರೌಟ್ ಇಲ್ಲಿಯ ಮೀನಲ್ಲ. 1909ರ ಸುಮಾರಿಗೆ ಬ್ರಿಟಿಷರು ಕುಲ್ಲು ಸೀಮೆಯ ಹೊಳೆಗಳಿಗೆ ತಂದು ಬಿಟ್ಟದ್ದು. ತಣ್ಣನೆಯ ಶುಭ್ರ ನೀರಿಲ್ಲದೆ ಬದುಕದು. ಮೊಟ್ಟೆಯಿಡುವ ಕಾಲವೆಂದು ನವೆಂಬರಿನಿಂದ ಫೆಬ್ರವರಿವರೆಗೆ ಗಾಳಕ್ಕೆ ನಿಷೇಧ. ಆಮೇಲೆ ನಮ್ಮಂಥವರ ಜಾತ್ರೆ.

ಸಂಜೆ ಮಗನ ಗಾಳಕ್ಕೆ ಗೇಣುದ್ದವೂ ಇಲ್ಲದ ಮರಿ ಬಿತ್ತು. ಸುತ್ತ ಚಪ್ಪಾಳೆ. ಅವನು ಕೈ ಒದ್ದೆ ಮಾಡಿಕೊಂಡು ಮೆಲ್ಲನೆ ಅದನ್ನು ನೀರಿಗೆ ಬಿಟ್ಟ.

"ಎಷ್ಟೊಂದು ಜನ!" ಎಂದು ಗೊಣಗಿದೆ.

"ಅದರಲ್ಲಿ ನಾವೂ ಇದ್ದೀವಲ್ಲ, ಅಪ್ಪಾ" ಎಂದ.

ತರುಣ ಗೆಳೆಯರೇ, ನೀವೂ ಹೋಗಿ ಬನ್ನಿ. ಈ ಮಾತು ನೆನಪಿರಲಿ.