ನಡುವೆ ಬಿಟ್ಟವರು

ಮನಸ್ಸಿನ ಕಾಯಿಲೆಗೆ ಮಾತಿನ ಚಿಕಿತ್ಸೆ ಶುರುಮಾಡಿ, ಮೂರ್ನಾಲ್ಕು ಸಲ ಹೋಗಿ ನಿಲ್ಲಿಸಿದವರನ್ನು ಆಸ್ಪತ್ರೆಯ ಕಡತ ‘ನಡುವೆ ಬಿಟ್ಟವರು’ ಅನ್ನುತ್ತದೆ. ಬಿಡೋದು ನಮ್ಮ ಕೇರಿಯ ಗುಣವೇನಲ್ಲ. 2012ರಲ್ಲಿ ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಎಂಬಿಬ್ಬರು 669 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಐವರಲ್ಲಿ ಒಬ್ಬರು ಹೀಗೆ ಬಿಟ್ಟಿದ್ದರು. ಆದರೆ ಮೇಲೂರಿನಿಂದ ಹೋದವರು ಯಾಕೆ ಬಿಟ್ಟರು ಅನ್ನೋದನ್ನ ಕೇರಿಯವರನ್ನೇ ಕೇಳಬೇಕು.

ನಮ್ಮ ಚಿಕ್ಕಮ್ಮ ಹುಳದ ಮನೆಯ ಕೂಲಿ. ಮಗ ಸತ್ತ ಮೇಲೆ ನಿದ್ದೆ ಹೋಯ್ತು, ಅನ್ನ ಸೇರಲಿಲ್ಲ. ದೇವರು, ತಾಯಿತ ಎಲ್ಲಾ ಮುಗಿದ ಮೇಲೆ ನಾವೇ ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. (ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು, ಕವಿತೆ ಬರೆಯೋದಕ್ಕಿಂತ ಚೀಟಿ ಓದೋ ಕೆಲಸವೇ ಜಾಸ್ತಿ.) ಮೊದಲ ದಿನ ಹೊರಗೆ ಬಂದವಳು “ನನ್ ಮಾತ ಅರ್ಧ ಗಂಟೆ ಕೂತು ಕೇಳುದ್ರು ಕಣಪ್ಪಾ” ಅಂದಳು. ಐವತ್ತು ವರ್ಷದಲ್ಲಿ ಅವಳ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಆ ರಾತ್ರಿ ಮಲಗಿದಳು.

ಎರಡನೇ ಸಲ, ಮನಸ್ಸಿಗೆ ಬಂದದ್ದನ್ನು ದಿನಾ ಬರೆದುಕೊಂಡು ಬನ್ನಿ ಅಂದರಂತೆ. “ಬರೆಯಾಕೆ ಬಂದಿದ್ರೆ ನಮ್ ಬಾಳು ಇಂಗ್ಯಾಕಿರ್ತಿತ್ತು” ಅಂದಳು ಬಸ್ಸಿನಲ್ಲಿ. ದಿನಕ್ಕೆ ಅರ್ಧ ಗಂಟೆ ಕೋಣೆಯಲ್ಲಿ ಒಬ್ಬರೇ ಕೂತಿರಿ ಅಂದಿದ್ದರು. ಇರೋದು ಒಂದೇ ಅಂಕಣ, ಆರು ಜನ. ಮೂರನೇ ಸಲ ಹೊಸಬರು ಕೂತಿದ್ದರು. ಮಗ ಸತ್ತ ಕತೆಯನ್ನು ಮೊದಲಿಂದ ಹೇಳಬೇಕಾಯ್ತು. ನಡುವೆ “ನೀವು ಯಾವ ಜನ?” ಅಂತ ಕೇಳಿದರು. ಫಾರಂ ತುಂಬಲಿಕ್ಕೇ ಕೇಳಿರಬಹುದು. ಆ ಪ್ರಶ್ನೆ ಯಾತಕ್ಕೆ ಬರುತ್ತೆ ಅಂತ ಕೇರಿಗೆ ಗೊತ್ತು. ಅವಳ ಬಾಯಿ ಅಲ್ಲಿಗೆ ಕಟ್ಟಿತು.

ನಾಲ್ಕನೇ ಸಲದ ತಾರೀಖು ಬಿದ್ದದ್ದು ಹುಳ ನಾಲ್ಕನೇ ಜ್ವರದಿಂದ ಎದ್ದ ವಾರ. ರೇಷ್ಮೆಹುಳ ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ಏಳೆಂಟು ದಿನದಲ್ಲೇ ತಿನ್ನುತ್ತೆ. ಸೊಪ್ಪು ಹಾಕೋಳು ಒಂದು ದಿನ ತಪ್ಪಿದರೆ ಆ ಜಾಗ ಬೇರೆಯವಳಿಗೆ. ದುಃಖ ಅವಳದು, ಹೊತ್ತು ಒಡೆಯನದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಒಳ್ಳೇದೇ ಆಯ್ತು. ಕಳೆದ ಕೂಲಿಗೆ ಯಾವ ಕಂಡಕ್ಟರೂ ಟಿಕೆಟ್ ಹರಿಯೋದಿಲ್ಲ.

2014ರಲ್ಲಿ ಶುರುವಾದ ಮನೋಚೈತನ್ಯದಿಂದ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋ ಏರ್ಪಾಡಾಯ್ತು. 2022ರಿಂದ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೇಷ್ಟ್ರುಗಳೇ, ಇದನ್ನು ಕೇರಿಗಳಿಗೆ ಹೋಗಿ ಹೇಳಿ. ಹೇಳುವಾಗ, ಮನೆಗೊಂದೇ ಮೊಬೈಲು, ಅದೂ ಗಂಡಸಿನ ಜೇಬಲ್ಲಿ ಅನ್ನೋದು ನೆನಪಿರಲಿ.

ಚಿಕ್ಕಮ್ಮ ಈಗ ಗೂಡು ಬಿಡಿಸುವಾಗ ಪಕ್ಕದವಳ ಜೊತೆ ಮಗನ ಸುದ್ದಿ ಆಡುತ್ತಾಳೆ. ಹುಳದ ಮನೆಯವರು ಬಂದರೆ ನಿಲ್ಲಿಸುತ್ತಾಳೆ.