ಅಂಟಿಕೊಂಡ ಚಂದ್ರ

ಮಕ್ಕಳೇ, ನಾನು ಬ್ಯಾಂಕಿನಲ್ಲಿದ್ದಾಗ ಒಬ್ಬ ಅಜ್ಜಿ ಮಳೆಗೆ ನೆನೆದು ಅಂಟಿಕೊಂಡ ನೋಟಿನ ಕಟ್ಟು ತಂದಿದ್ದರು. ಮಗಳ ಮದುವೆಗೆ ಕೂಡಿಟ್ಟದ್ದು. ಒಂದೊಂದಾಗಿ ಬಿಡಿಸಲು ಅರ್ಧ ದಿನ ಹಿಡಿಯಿತು.

ಮೊನ್ನೆ ಮೊಮ್ಮಗಳೊಂದಿಗೆ ‘ಎ ಟ್ರಿಪ್ ಟು ದ ಮೂನ್’ ನೋಡುವಾಗ ಅದು ನೆನಪಾಯಿತು. ಫ್ರಾನ್ಸಿನ ಮೆಲಿಯೆಸ್ 1902ರಲ್ಲಿ ತೆಗೆದ ಮೂಕಿಚಿತ್ರ. ಅಂಚೆಚೀಟಿಯಷ್ಟು ಪುಟ್ಟ ಚೌಕಗಳಿಗೆ ಪ್ಯಾರಿಸ್ಸಿನ ಹೆಂಗಸರು ಕುಂಚ ಹಿಡಿದು ಬಣ್ಣ ಹಚ್ಚಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಚೌಕಗಳೋ, ಹದಿಮೂರು ಸಾವಿರಕ್ಕೂ ಹೆಚ್ಚು!

ಕಳೆದೇಹೋಯಿತೆಂದುಕೊಂಡಿದ್ದ ಬಣ್ಣದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿತು. ಸುರುಳಿ ಅಂಟಿ ಗಟ್ಟಿಯಾಗಿತ್ತು. ತಿಂಗಳುಗಟ್ಟಲೆ ಬಿಡಿಸಿ, ಹಾಳಾದಲ್ಲಿ ಕಪ್ಪು-ಬಿಳುಪು ಪ್ರತಿಯಿಂದ ತುಂಬಿಸಿ, 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು.

“ತಾತಾ, ಬಣ್ಣ ಗೆರೆ ದಾಟಿದೆಯಲ್ಲ!” ಎಂದಳು ಮೊಮ್ಮಗಳು. ದಾಟಿದೆ, ಕೈಕೆಲಸವಲ್ಲವೇ.

ಅಜ್ಜಿಯ ನೋಟುಗಳಲ್ಲಿ ಎರಡು ನನ್ನ ಕೈಯಲ್ಲೇ ಹರಿದವು. ಆ ಬೇಸರ ಇನ್ನೂ ಇದೆ.